ಕುಪ್ಯಕ್ಕೆ ಇಸ್ತ್ರಿ ಹಾಕುತ್ತ

ಟಿಕೆಟ್ ಇನ್ನೂ ಮಾಡಿಲ್ಲ ತಾನೆ, ದೇಚಕ್ಕ?
ಹಾಗಾದರೆ ಕೂತುಕೊಳ್ಳಿ, ಪೆಟ್ಟಿಗೆ ಕಾಯುವವರೆಗೆ ಹೇಳುತ್ತೇನೆ.
ಹನ್ನೊಂದು ವರ್ಷ ಹಡಗಿನಲ್ಲಿ ದುಡಿದವ
ವಿರಾಜಪೇಟೆಯ ಗಡಿಯಾರ ಕಂಬದ ಸುತ್ತಮುತ್ತ
ನಾನೊಬ್ಬನೇ ಇರಬೇಕು.

ಮೊದಲು ತಿಂಗಳು.
ಜನವರಿ ಒಳ್ಳೆಯದು ಅಂದಾನು ಏಜೆಂಟ್;
ಕಣದಲ್ಲಿ ಕಾಫಿ ಹರಡಿಟ್ಟು ಹೊರಡುವ ಮನುಷ್ಯನೆ ಉತ್ತಯ್ಯ ಮಾಮ?
ಹೂಮಳೆ ಬೀಳಲಿ. ಅದರ ಬೆನ್ನಿಗೆ ಬರುವ ಇನ್ನೊಂದೂ ಬೀಳಲಿ.
ಏಪ್ರಿಲ್ ಕೊನೆಗೆ ಕಡಲು ಇನ್ನೂ ಮಾತು ಕೇಳುತ್ತದೆ.
ಜೂನಿನಲ್ಲಿ ಯಾರಪ್ಪನ ಮಾತನ್ನೂ ಕೇಳುವುದಿಲ್ಲ.

ಕೋಣೆ ಹಡಗಿನ ನಡುಮಧ್ಯೆ ಇರಲಿ, ಕೆಳಗಿನ ಅಂತಸ್ತಿನಲ್ಲಿ.
ಮೂತಿಯ ಹತ್ತಿರ ಬೇಡ, ಬಾಲದ ಹತ್ತಿರವೂ ಬೇಡ.
ಮಾಂದಲಪಟ್ಟಿಗೆ ಜೀಪಿನ ಹಿಂದಿನ ಸೀಟಿನಲ್ಲಿ ಕೂತು
ಹೋದದ್ದು ನೆನಪಿದೆಯಲ್ಲ, ನಿಮ್ಮ ಸೊಂಟಕ್ಕೆ?
ಹಾಗೆಯೇ, ಆದರೆ ರಾತ್ರಿಯಿಡೀ.
ವಾಂತಿಯ ಮಾತ್ರೆ ಹೊಟ್ಟೆ ತೊಳಸುವ ಮೊದಲೇ ನುಂಗಬೇಕು,
ಯಾವುದು, ಎಷ್ಟು ಅಂತ ಡಾಕ್ಟರನ್ನು ಕೇಳಿ. ಒಣಶುಂಠಿ ನಾನು ಕೊಡುತ್ತೇನೆ.

ಆಮೇಲೆ ಹೆಸರು. ಇದು ನಿಮ್ಮವರಿಗೇ ಇರುವ ತಾಪತ್ರಯ:
ಪಾಸ್‌ಪೋರ್ಟಿನಲ್ಲಿ ಮನೆಹೆಸರು ಮುಂದೆ,
ಆಧಾರಿನಲ್ಲಿ ಹಿಂದೆ,
ಬ್ಯಾಂಕಿನಲ್ಲಿ ಬರೀ ಒಂದು ಅಕ್ಷರ, ಚುಕ್ಕಿ.
ಗೇಟಿನ ಹುಡುಗಿಗೆ ನೀವು ಮೂರು ಜನ ದೇಚವ್ವಂದಿರು.
ಟಿಕೆಟ್ಟಿನಲ್ಲಿ ಪಾಸ್‌ಪೋರ್ಟಿನದ್ದೇ ಇರಲಿ, ಒತ್ತು ದೀರ್ಘ ಸಮೇತ.

ಹಿಂದಿನ ದಿನವೇ ಕೊಚ್ಚಿ ಸೇರಿಕೊಳ್ಳಿ.
ಮಾಕುಟ್ಟದ ತಿರುವಿನಲ್ಲಿ ಮರದ ಲಾರಿಯೊಂದು ಅಡ್ಡ ನಿಂತರೆ
ಹಡಗು ನಿಮಗಾಗಿ ಕಾಯುವುದಿಲ್ಲ,
ಅದು ಗೋಣಿಕೊಪ್ಪದ ಬಸ್ಸಲ್ಲ, ಕೈ ತೋರಿಸಿದರೆ ನಿಲ್ಲಲು.
ದ್ವೀಪದಲ್ಲಿ ಇಳಿದಾಗಲೂ ವಾಚು ಹಡಗಿನ ಗಂಟೆಗೇ ಇರಲಿ.
ಹವಳದ ಸರಕ್ಕೆ ಚೌಕಾಸಿ ಮಾಡುತ್ತ ನಿಂತವರನ್ನು
ಕಟ್ಟೆಯ ಮೇಲೇ ಬಿಟ್ಟು ಬಂದದ್ದು ಎರಡು ಸಲ.
ಅವರ ಒಗೆದ ಬಟ್ಟೆ ನನ್ನ ಹತ್ತಿರವೇ ಉಳಿಯಿತು.

ದೊಡ್ಡ ಪೆಟ್ಟಿಗೆ ಕೋಣೆಗೆ ಬರುವಾಗ ಸಂಜೆಯಾದೀತು.
ಬಿಪಿ ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿ.
ಹಂದಿ ಉಪ್ಪಿನಕಾಯಿ ಬೇಡ, ಅಕ್ಕ. ಹಿಡಿದರೆ ಹಿಡಿಯಲಿ ಅಂತ
ಇಡುತ್ತೀರಿ, ಗೊತ್ತು. ಹಿಡಿಯುತ್ತಾರೆ.
ನೀರು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬೆಲೆ ಕೇಳಿಯೇ ಬಾಯಿಗಿಡಿ.
ಮಾಮನ ಎರಡು ಪೆಗ್ಗಿನ ಲೆಕ್ಕ ಕೊನೆಯ ದಿನ
ಬಾಗಿಲ ಕೆಳಗಿಂದ ಚೀಟಿಯಾಗಿ ತೂರಿ ಬರುತ್ತದೆ.

ಇನ್ನು ಈ ಕುಪ್ಯ.
ಕಪ್ತಾನನ ಊಟದ ರಾತ್ರಿ ಹಾಕಲಿ, ಚೇಲೆಯನ್ನೂ ಬಿಗಿಯಲಿ,
ಹಡಗಿಗೆ ಹಡಗೇ ತಿರುಗಿ ನೋಡುತ್ತದೆ.
ಪೀಚೆಕತ್ತಿ ಮಾತ್ರ ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲೇ ಇರಲಿ.
ಸರಕಾರದ ಕೋವಿ ವಿನಾಯಿತಿ ಕಾಗದ ತೋರಿಸಿದರೂ
ಆ ಯಂತ್ರ ಕೂಗುತ್ತದೆ.
ಬರೀ ಸರಪಳಿ ತೂಗಿಸಿಕೊಂಡು ಹೋಗಲಿ. ಯಾರಿಗೆ ಗೊತ್ತಾಗುತ್ತದೆ?
ಮಾಮನಿಗೆ ಗೊತ್ತಾಗುತ್ತದೆ, ಹೌದು.

ನಡುಗಡಲಲ್ಲಿ ಸಿಗ್ನಲ್ ಇಲ್ಲ.
ತೋಟದಲ್ಲಿ ಎಷ್ಟು ಸೆಂಟ್ ಮಳೆ ಬಿತ್ತು ಅಂತ
ಐದು ದಿನ ಅವರಿಗೆ ತಿಳಿಯುವುದಿಲ್ಲ.
ಇದನ್ನು ಈಗಲೇ ಹೇಳಬೇಡಿ. ಹಣ ಕಟ್ಟಿದ ಮೇಲೆ ಹೇಳಿ.

ಸಮುದ್ರ ಹೇಗಿರುತ್ತದೆ ಅಂತಲೆ?
ಅದನ್ನು ನನ್ನ ಹತ್ತಿರ ಕೇಳಬಾರದು.
ಲಾಂಡ್ರಿ ಇದ್ದದ್ದು ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲ.
ಗೋಡೆಗೆ ಕಿವಿಯಿಟ್ಟರೆ ಆಚೆ ಏನೋ ಉಜ್ಜಿಕೊಂಡು ಹೋಗುವ ಸದ್ದು.
ಮೇಲಿನವರ ಟವೆಲುಗಳಲ್ಲಿ ಉಪ್ಪು ಇರುತ್ತಿತ್ತು,
ಅವತ್ತು ಬಿಸಿಲೋ ಮಳೆಯೋ ಅದರಲ್ಲೇ ಅಂದಾಜು.

ಬೆಳಿಗ್ಗೆ ಐದಕ್ಕೆ ಒಮ್ಮೆ ಮೇಲೆ ಹತ್ತಿ ನಿಲ್ಲಿ,
ಸೆರಗು ಗಟ್ಟಿ ಹಿಡಿದುಕೊಳ್ಳಿ, ಗಾಳಿ ಪುಂಡ.
ಬಂದು ಹೇಳಿ.

ಕುಪ್ಯ ಒಂದು, ಚೇಲೆ ಒಂದು, ರೇಷ್ಮೆ ಸೀರೆ ಎರಡು.
ನೂರ ಎಂಬತ್ತು. ಮಂಗಳವಾರ ಸಂಜೆ ಬನ್ನಿ,
ಕರೆಂಟ್ ಇದ್ದರೆ.