ಬಿಳಿ ಮಣ್ಣಿನ ಬಿಲ್ಲು

ನನ್ನ ಬೋರ್ಡಿನಲ್ಲಿ ಬರೆದಿರುವುದು ಇಷ್ಟು:
ಜರಿದ ಮಣ್ಣು, ಕಟ್ಟಿದ ಚರಂಡಿ, ಬಿದ್ದ ಮರ
ಮನೆ, ಅಂಗಡಿ, ಆಫೀಸು, ಎಲ್ಲಿದ್ದರೂ ತೆಗೆದುಕೊಡಲಾಗುವುದು.
ಕೆಳಗೆ ಹೆಸರು, ಹಂಸ. ನಂಬರಿನ ಕೊನೆಯ ಅಂಕಿ
ಬಿಸಿಲಿಗೆ ಅಳಿಸಿದೆ; ಬೇಕಾದವರಿಗೆ ಗೊತ್ತು.

ಏಪ್ರಿಲ್ ಹದಿನಾರು, ಮಧ್ಯಾಹ್ನ ಮೂರೂಕಾಲು.
ಸೋಮವಾರಪೇಟೆಯ ಆಕಾಶ
ಬಾಣಲೆಯ ತಳದ ಬಣ್ಣಕ್ಕೆ ತಿರುಗಿತ್ತು.
ಮೊದಲು ಒಂದೇ ಕಲ್ಲು, ಬಸ್‌ಸ್ಟ್ಯಾಂಡಿನ ತಗಡಿಗೆ.
ಹುಡುಗರ ಕಿತಾಪತಿ ಅಂದುಕೊಂಡೆವು.
ಆಮೇಲೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ.

ನಲವತ್ತು ನಿಮಿಷ.
ನಿಂತಾಗ ನೋಡಿದರೆ ರಸ್ತೆಯೇ ಇಲ್ಲ.
ಯಾರೋ ಊರಿಗೆಲ್ಲ ಕಲ್ಲುಪ್ಪು ಸುರಿದು
ಬಾಚಲು ಮರೆತು ಹೋಗಿದ್ದರು.
ಜನ ಮೊದಲು ಫೋಟೋ ತೆಗೆದರು,
ಆಮೇಲೆ ನನಗೆ ಫೋನು ಮಾಡಿದರು.

ಬೇಕರಿಯವನಿಗೆ ಶಟರ್ ಮೇಲೇಳುತ್ತಿಲ್ಲ.
ಬ್ಯಾಂಕಿನವರಿಗೆ ಮೆಟ್ಟಿಲಲ್ಲಿ ಜಾರಿ ಬಿದ್ದ ಗಿರಾಕಿ.
ಮರದ ಮಿಲ್ಲಿನ ಸೂರು ಹೊಟ್ಟೆ ಬಿಟ್ಟುಕೊಂಡಿದೆ,
ಈಗಲೋ ಆಗಲೋ.
‘ರೇಟು ಎಷ್ಟು ಹಂಸಣ್ಣ?’
ಮಣ್ಣಿಗೆ ರೇಟಿದೆ, ಲೋಡಿಗೆ ಇಷ್ಟು ಅಂತ.
ಇದಕ್ಕೇನು ಹೇಳಲಿ? ಮಣ್ಣಿನದೇ ಹೇಳಿದೆ.

ಮಾರಕ್ಕ ಸಲಿಕೆ ಹಿಡಿದಳು, ಸನೀಶ ಬಾಂಡ್ಲಿ ಹಿಡಿದ.
ಮಣ್ಣು ಸಲಿಕೆಗೆ ಅಂಟಿ ಜಗಳ ಮಾಡುತ್ತದೆ,
ಇದು ಅಂಟುವುದಿಲ್ಲ, ನಿಲ್ಲುವುದೂ ಇಲ್ಲ,
ಬಾಚಿದಷ್ಟೂ ಗೊಳಗೊಳ ನಕ್ಕು ಹಿಂದಕ್ಕೆ ಉರುಳುತ್ತದೆ.
ಕೈ ಮರಗಟ್ಟಿ ಮಾರಕ್ಕ ಬೆರಳು ಬಾಯಲ್ಲಿಟ್ಟುಕೊಂಡಳು,
ಐವತ್ತರ ಹೆಂಗಸು, ಮಗುವಿನಂತೆ.

ಟ್ರೇಲರ್ ತುಂಬಿ ಜೋಯಪ್ಪ ಹೊರಟ.
ಊರಾಚೆ ಕಲ್ಲುಕೋರೆಯ ಹೊಂಡಕ್ಕೆ ಎರಡೂವರೆ ಕಿಲೋಮೀಟರು.
ದಾರಿಯುದ್ದಕ್ಕೂ ಲೋಡು ನೀರಾಗಿ ಸೋರುತ್ತ ಹೋಗಿ
ಅಲ್ಲಿ ಎತ್ತಿ ಸುರಿದಾಗ ಬಿದ್ದದ್ದು ಅರ್ಧ.
ಬಂದವನೇ ಕೇಳಿದ:
‘ಒಂದು ಲೋಡು ಅಂತ ಬರೀಲಾ, ಅರ್ಧ ಅಂತ ಬರೀಲಾ?’
ತುಂಬುವಾಗ ಬೆನ್ನು ನೋಯ್ದದ್ದು ಒಂದು ಲೋಡಿಗೆ, ಅಂದೆ.

ಮೀನಿನ ಮೊಯ್ದು ಮಾತ್ರ ಬುಟ್ಟಿ ಹಿಡಿದುಕೊಂಡು ಬಂದ.
ಕರೆಂಟಿಲ್ಲ, ಐಸ್ ಬಂದಿಲ್ಲ, ಬಂಗುಡೆ ಕೆಡುತ್ತಿದೆ.
‘ಇದನ್ನು ಕೊಡ್ತೀಯಾ?’
ಒಬ್ಬರ ಬಳಿ ತೆಗೆಯಲು ಕಾಸು ಇಸಿದುಕೊಂಡು
ಇನ್ನೊಬ್ಬರಿಗೆ ಅದನ್ನೇ ಮಾರುವ ಬುದ್ಧಿ
ಒಂದು ಕ್ಷಣ ಬಂತು, ಸುಳ್ಳು ಹೇಳುವುದಿಲ್ಲ.
ನಾಲ್ಕು ಬುಟ್ಟಿ ಸುಮ್ಮನೆ ಕೊಟ್ಟೆ.
ಬಂಗುಡೆಯ ಕಣ್ಣಿಗೆ ಮತ್ತೆ ಹೊಳಪು.

ಕೊನೆಗೆ ಬೊಳ್ಳಮ್ಮನವರ ಮನೆ, ಆಸ್ಪತ್ರೆಯ ಹಿಂದಿನ ಓಣಿ.
ಔಷಧಿ ಅಂಗಡಿ ನಡೆಸುವ ಹೆಂಗಸು, ಚಿಲ್ಲರೆಗೆ ಕಟ್ಟುನಿಟ್ಟು.
ಹಿತ್ತಲಲ್ಲಿ ಅರವತ್ತೇ ಗಿಡ ಅರೇಬಿಕಾ.
‘ಹೂ ಬಿಟ್ಟು ಇವತ್ತಿಗೆ ಎರಡನೇ ದಿನ’ ಅಂದರು,
ಜ್ವರ ಬಂದವರ ಬಗ್ಗೆ ಹೇಳುವ ಹಾಗೆ.

ಬಾಚಿದೆವು.
ಮೇಲಿನ ಬಿಳಿ ಸಲಿಕೆಗೆ ಬಂತು,
ಕೆಳಗೆ ಇನ್ನೊಂದು ಬಿಳಿ ಇತ್ತು.
ಮೊದಲು ಗೊತ್ತಾದದ್ದು ಮೂಗಿಗೆ:
ಆ ತಣ್ಣನೆಯ ಗುಡ್ಡೆಯೊಳಗಿಂದ
ಮಲ್ಲಿಗೆಯಂಥದೇ ಆದ, ಮಲ್ಲಿಗೆಯಲ್ಲದ ವಾಸನೆ.
ಸನೀಶ ಸಲಿಕೆ ನಿಲ್ಲಿಸಿದ.

‘ಐಸು ತೆಗೀರಿ’ ಅಂದರು ಬೊಳ್ಳಮ್ಮ, ‘ಹೂ ಬಿಡಿ.’
ಹೇಗೆ ಬಿಡುವುದು? ಎರಡೂ ಬಿಳಿ, ಎರಡೂ ಬಿದ್ದದ್ದು.
ಆದರೂ ಮಾರಕ್ಕ ಕೂತಳು, ಬರಿಗೈಯಲ್ಲಿ
ಅಕ್ಕಿಯ ಕಲ್ಲು ಆರಿಸುವಂತೆ.
ಸ್ವಲ್ಪ ಹೊತ್ತಾದ ಮೇಲೆ ಬೊಳ್ಳಮ್ಮನೂ ಕೂತರು.
ಆರಿಸುವುದು ಬೇಕಿರಲಿಲ್ಲ,
ಕಾಯುತ್ತ ಕೂತಿದ್ದರೆ ಐಸು ತಾನೇ ಹೋಗುತ್ತಿತ್ತು.
ಯಾರೂ ಹೇಳಲಿಲ್ಲ.

ಕತ್ತಲಾಯಿತು. ಓಣಿ ಪೂರ್ತಿ ನೀರು ಹರಿಯುವ ಸದ್ದು.
ನೆಲದ ಮೇಲೆ ಉಳಿದ ಬಿಳಿ ಕರಗಲಿಲ್ಲ,
ಅಂಚಿನಿಂದ ಕಂದಾಗತೊಡಗಿತು.

ಬಿಲ್ಲು ಬರೆಯಲು ಕೂತೆ, ಟ್ರ್ಯಾಕ್ಟರಿನ ಹೆಡ್‌ಲೈಟಿನಲ್ಲಿ.
‘ವಿವರ’ ಎಂಬ ಕಾಲಮ್ಮಿನಲ್ಲಿ ಪೆನ್ನು ನಿಂತಿತು.
ಆಲಿಕಲ್ಲು ಎಂದು ಬರೆದರೆ, ನಾಳೆ ಯಾರು ನಂಬುತ್ತಾರೆ,
ತೋರಿಸಲು ಒಂದು ಚೂರೂ ಇರುವುದಿಲ್ಲ.
ಬರೆದೆ: ಬಿಳಿ ಮಣ್ಣು, ಒಂದು ಲೋಡು.
ಬೊಳ್ಳಮ್ಮ ಕನ್ನಡಕ ಹಾಕಿ ಓದಿದರು,
ಎಂಟು ನೂರು ಎಣಿಸಿದರು,
ಚಿಲ್ಲರೆ ಕೇಳಲಿಲ್ಲ.