ಇದನ್ನೂ ನೋಡಿ

ಸೋಮವಾರ ಬೆಳಗಿನ ಮೊದಲ ಕೆಲಸ ಹೆಣ ಎಣಿಸುವುದು.
ರಾತ್ರಿಯಿಡೀ ಯಂತ್ರ ಒಂದೊಂದೇ ಕೊಂಡಿ ತಟ್ಟಿ ನೋಡಿ
ಬಾಗಿಲು ತೆರೆಯದವರ ಪಟ್ಟಿ ಬರೆದಿಟ್ಟಿರುತ್ತದೆ:
ನಲವತ್ತೊಂದು.
ಕೆಲವು ಸತ್ತಿರುವುದಿಲ್ಲ, ಮನೆ ಬದಲಿಸಿರುತ್ತವೆ ಅಷ್ಟೆ,
ಬಾಡಿಗೆ ಬಾಕಿ ಉಳಿಸಿ ರಾತ್ರೋರಾತ್ರಿ ಹೋದವರ ಹಾಗೆ.
ಆಬರ್ಡೀನಿನ ಅಲೆಗಳ ಅಳತೆ ಸಿಕ್ಕಿತು,
ಹೊಸ ವಿಳಾಸದಲ್ಲಿ, ಹಳೆಯ ತಪ್ಪುಗಳ ಸಮೇತ.
ಪ್ರೊಫೆಸರ್ ಲಿಂಡ್‌ಕ್ವಿಸ್ಟರ ಪಾಚಿಕೋಶ ಸಿಗಲಿಲ್ಲ.
ಅವರು ನಿವೃತ್ತರಾದರು, ವಿಭಾಗದವರು ಸರ್ವರ್ ಆರಿಸಿದರು,
ಮೂವತ್ತು ವರ್ಷ ಕಲ್ಲು ಕೆರೆದು ಕೂಡಿಸಿದ ಪಾಚಿ
ಗುಂಡಿ ಒತ್ತಿದಲ್ಲಿಗೆ ಒಣಗಿತು.
ನಮೂದನ್ನು ನಾನು ಅಳಿಸುವುದಿಲ್ಲ.
'ಇತ್ತು' ಎಂದು ಬರೆದು ತಾರೀಕು ಹಾಕುತ್ತೇನೆ.

ಇಂಟರ್ನೆಟ್ ಇರುವಾಗ ಗ್ರಂಥಾಲಯ ಯಾಕೆ ಎಂದು
ಟೋರ್ಸ್‌ಹಾವ್ನ್‌ನಲ್ಲಿ ಪ್ರತಿ ಬಜೆಟ್ಟಿಗೂ ಒಬ್ಬರು ಕೇಳುತ್ತಾರೆ,
ಪ್ರತಿ ಸಲ ಬೇರೆಯವರು.
ಕಡಲಿರುವಾಗ ದೀಪಸ್ತಂಭ ಯಾಕೆ ಎಂಬ ಉತ್ತರ
ನನಗೆ ಬಾಯಿಪಾಠವಿತ್ತು. ಈಗ ಅದನ್ನು ಬಿಟ್ಟಿದ್ದೇನೆ.
ಮೊರ್ಟಾನನ ಸುದ್ದಿ ಹೇಳುತ್ತೇನೆ.

ನೊಲ್ಸೊಯ್ ದ್ವೀಪದವನು, ಟ್ರಾಲರಿನಲ್ಲಿ ಅಡುಗೆಯವನಾಗಿದ್ದ.
ಫೆಬ್ರವರಿಯ ಒಂದು ಮಧ್ಯಾಹ್ನದ ದೋಣಿಗೆ ಬಂದ,
ಬೂಟು ಒರೆಸಿ, ಟೋಪಿ ಕೈಯಲ್ಲಿ ಹಿಡಿದು,
ಒಂದು ಹಕ್ಕಿಯ ವಿಷಯ ಕೇಳಬೇಕಿತ್ತು ಎಂದ.
ಅವನ ಕಲ್ಲುಗೋಡೆಯ ಸಂದಿಗೆ ರಾತ್ರಿ ಮಾತ್ರ ಬಂದು
ಒಳಗಿಂದ ಗೊರಕೆ ಹೊಡೆದಂತೆ ಹಾಡುವ ಹಕ್ಕಿ,
ಹೋದ ಬೇಸಿಗೆ ಬರಲಿಲ್ಲವಂತೆ.
ಯಾಕೆಂದು ಯಾರಾದರೂ ಬರೆದಿರಬೇಕಲ್ಲ?

'ಡ್ರುನ್‌ಕ್ವೀಟಿ' ಎಂದು ತಾನೇ ಒತ್ತಿದ, ಒಂದೇ ಬೆರಳಲ್ಲಿ.
ಸೊನ್ನೆ.
ಇನ್ನೊಮ್ಮೆ, ನಿಧಾನವಾಗಿ, ಯಂತ್ರಕ್ಕೆ ಕಿವಿ ಮಂದವೇನೋ ಎಂಬಂತೆ.
ಸೊನ್ನೆ.
ಕತ್ತಲಲ್ಲಿ ಕೂಗು ಕೇಳಿಯೇ ಹೆಸರಿಟ್ಟ ಹಕ್ಕಿಗೆ
ನನ್ನ ಸೂಚಿಯಲ್ಲಿ ಲ್ಯಾಟಿನ್ ಹೆಸರಿತ್ತು, ಡ್ಯಾನಿಶ್ ಹೆಸರಿತ್ತು,
ಇಂಗ್ಲಿಷಿನದಿತ್ತು, ಐನೂರ ತೊಂಬತ್ತೆಂಟು ಎಂಬ ಅಂಕಿ ಇತ್ತು,
ಅದು ಮೊಟ್ಟೆಯಿಡುವ ನೆಲದ ಮಾತಿನ ಹೆಸರಿರಲಿಲ್ಲ.
ಇಪ್ಪತ್ತೆರಡು ವರ್ಷದಿಂದ ಸೂಚಿ ಕಟ್ಟಿದವಳು ನಾನೇ.
ನನ್ನ ಅಜ್ಜಿ ನೊಲ್ಸೊಯ್‌ನವಳು.

ಲ್ಯಾಟಿನ್ನಿನಲ್ಲಿ ಹುಡುಕಿಕೊಟ್ಟೆ. ಹದಿನೇಳು ಲೇಖನ.
ಮೊದಲನೆಯದನ್ನು ಮುಟ್ಟಿದ್ದೇ ಪರದೆ ಕೇಳಿತು:
ನೀವು ಯಾವ ಸಂಸ್ಥೆಯವರು?
ಮೊರ್ಟಾನ್ ನನ್ನ ಮುಖ ನೋಡಿದ.
'ನಾನು ಗೋಡೆಯವನು' ಎಂದ.
'ಅವು ಇದ್ದದ್ದು ನನ್ನ ಗೋಡೆಯಲ್ಲಿ.'

ಪರವಾನಗಿ ಪತ್ರ ಅರವತ್ತು ಪುಟ.
ವರ್ಷಕ್ಕೆ ಅದಕ್ಕೆ ತೆರುವ ಹಣದಲ್ಲಿ
ಚಾವಣಿ ಎರಡು ಸಲ ಹೊದಿಸಬಹುದು.
ಅದರ ಹನ್ನೊಂದನೆಯ ಕಲಮಿನ ಕೊನೆಯಲ್ಲಿ
ಯಾರೋ ಪುಣ್ಯಾತ್ಮ ವಕೀಲ ಒಂದು ಸಂದು ಬಿಟ್ಟಿದ್ದಾನೆ:
ಬಾಗಿಲಿನಿಂದ ನಡೆದು ಒಳಬಂದವರೂ ಓದುಗರೇ.
ಭೂಮಿಯ ಯಾವ ಮೂಲೆಗೂ ಹಾರಬಲ್ಲ ಪುಟ ತೆರೆಯಲು
ದೋಣಿ ಹತ್ತಿ ಬಂದು
ಈ ಕುರ್ಚಿಯಲ್ಲೇ ಕೂರಬೇಕು.
ನಗು ಬಂತು. ಕುರ್ಚಿ ಎಳೆದುಕೊಟ್ಟೆ.

ನಿಘಂಟು ಪಕ್ಕದಲ್ಲಿಟ್ಟುಕೊಂಡು ಐದರವರೆಗೆ ಓದಿದ.
ಎದ್ದು, 'ಬೆಕ್ಕು ಎನ್ನುತ್ತಾರೆ' ಎಂದ.
ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ.
ಮನೆಯಲ್ಲಿ ಬೆಕ್ಕಿದೆಯೇ ಎಂದು ನಾನು ಕೇಳಲಿಲ್ಲ,
ಅಂಗಿಯ ತೋಳಿನ ಮೇಲೆ ಬೂದು ಕೂದಲಿತ್ತು.

ದೀಪ ಆರಿಸುವ ಮುನ್ನ ಸೂಚಿ ತೆರೆದೆ.
ಡ್ರುನ್‌ಕ್ವೀಟಿ, ಎಂದು ಬರೆದೆ,
ಅಜ್ಜಿ ಹೇಳುತ್ತಿದ್ದ ಉಚ್ಚಾರಕ್ಕೆ ತಕ್ಕಂತೆ ಇನ್ನೊಂದು ಕಾಗುಣಿತದಲ್ಲೂ.
ಅದರ ಮುಂದೆ
ನಮ್ಮ ಕಸುಬು ಬಲ್ಲ ಎರಡೇ ಪದಗಳ ಸೌಜನ್ಯ:
ಇದನ್ನೂ ನೋಡಿ.
ಕೆಳಗೆ ಹದಿನೇಳು ಲೇಖನ.
ಹದಿನೆಂಟನೆಯದು: ಮೊರ್ಟಾನನ ಗೋಡೆ, ಕಂಡದ್ದು ಕೇಳಿದ್ದು.
ಬರೆದುಕೊಡುತ್ತೇನೆ ಅಂದಿದ್ದ, ವಿಳಾಸ ಮೊದಲೇ ಕೊಟ್ಟಿಟ್ಟೆ.

ಏಪ್ರಿಲ್ ಬಂತು. ಇನ್ನೂ ಬರೆದಿಲ್ಲ.
ಯಂತ್ರ ವಾರ ವಾರ ಆ ಬಾಗಿಲು ತಟ್ಟಿ
ಸತ್ತವರ ಪಟ್ಟಿಗೆ ಸೇರಿಸುತ್ತದೆ.
ನಾನು ಹೊಡೆದುಹಾಕಿ ಪಕ್ಕದಲ್ಲಿ ಬರೆಯುತ್ತೇನೆ:
ಇಲ್ಲ, ಇನ್ನೂ ಹುಟ್ಟಿಲ್ಲ.