ನೋಡಿ: ಸೋಡಾ ಬಾವಿ

ಮೂರು ದಿನ ಕಲ್ಲಿನ ಮುಂದೆ ಕೂತು
ಸುಣ್ಣ ಕೆರೆದು, ಹಿಟ್ಟು ಸವರಿ
ಒಂದೊಂದೇ ಅಕ್ಷರ ಬಿಡಿಸಿದವಳು ನಾನು.
ಹೌಜ್-ಎ-ನೀಲೋಫರ್.
ನೈದಿಲೆಯ ಕೊಳ.
ನಾಲಗೆಯ ಮೇಲಿಟ್ಟರೆ ಬೆಲ್ಲದಚ್ಚಿನಂತೆ ಕರಗುವ ಹೆಸರು.
ಚೀಟಿಯ ತಲೆಗೆ ಅದನ್ನೇ ಬರೆದೆ,
ದಪ್ಪ ನಿಬ್ಬಿನಲ್ಲಿ, ಕೆಳಗೆ ಗೆರೆ ಎಳೆದು.

ಜಿಲ್ಲಾ ವಿಶ್ವಕೋಶದ ಕಚೇರಿ ಅಂದರೆ
ಹತ್ತಿ ಗೋದಾಮಿನ ಹಿಂದಿನ ಖೋಲಿ,
ಎಪ್ಪತ್ತು ಚಪ್ಪಲಿ ಡಬ್ಬಿಗಳೊಳಗೆ
ಅಕಾರಾದಿಯಾಗಿ ಮಲಗಿದ ಜಿಲ್ಲೆ.
ಹಂಚಿನಾಳ ಸರ್ ಚೀಟಿ ಓದಿದರು,
ಕನ್ನಡಕ ಹಣೆಗೇರಿಸಿದರು.
"ಛಲೋ ಐತಿ ಬಿಡ್ರಿ. ಈಗ ಹೊರಗ ಹೋಗಿ
ಇದs ಹೆಸರು ಹೇಳಿ ದಾರಿ ಕೇಳ್ರಿ.
ಬಾವಿ ಮುಟ್ಟಿ ಬರ್ರಿ."

ಹೋದೆ.
ಶಹಾಪುರ ಅಗಸಿಯ ಹತ್ತಿರ ಆಟೋದ ಲಾಡ್ಲೇಸಾಬ
ಕನ್ನಡಿ ಒರೆಸುತ್ತ ಕೇಳಿದ: "ಹಾಟೇಲೇನ್ರಿ ಅದು? ಹೊಸಾದ?"
ಶೇಂಗಾ ಹುರಿಯುವಾಕೆ ಕೈ ನಿಲ್ಲಿಸಿ,
"ನೀಲವ್ವನ ಮನೀ ಏನ? ಆಕಿ ತೀರಿಕೊಂಡು ವರ್ಷ ಆತಲ್ಲ ತಂಗಿ."
ಕಾಲೇಜಿನ ಹುಡುಗನೊಬ್ಬ ಫೋನಿಗೆ ಹೇಳಿದ;
ಅದು ಹೈದರಾಬಾದಿನ ಬ್ಯೂಟಿ ಪಾರ್ಲರ್ ತೋರಿಸಿತು.

ಬಿಸಿಲು ನೆತ್ತಿಗೆ ಬಂತು.
ತಳ್ಳುಗಾಡಿಯ ಗಾಲಿಗೆ ಎಣ್ಣೆ ಬಿಡುತ್ತಿದ್ದ ಮುದುಕನಿಗೆ
ಹೆಸರು ಬಿಟ್ಟು ಬಾವಿಯನ್ನೇ ಹೇಳಿದೆ:
ಪಾವಟಿಗೆ, ಎರಡು ಕಮಾನು, ಗೂಡಿನ ತುಂಬ ಪಾರಿವಾಳ.
"ಅಯ್ಯ! ಸೋಡಾ ಬಾವಿ ಅನ್ನಬಾರದೇನವಾ?"
ಇಡೀ ಓಣಿ ಕೈ ಎತ್ತಿತು,
ಒಂದೇ ದಿಕ್ಕಿಗೆ.

ಸೋಡಾ ಬಾವಿ!
ಯಾವ ಕಾಲದಲ್ಲೋ ಅಲ್ಲಿ ಗೋಲಿ ಸೋಡಾ ಕಟ್ಟುತ್ತಿದ್ದರಂತೆ.
ಕಾರ್ಖಾನೆ ಹೋಯಿತು, ಬಾಟಲಿ ಒಡೆದವು,
ನೀರಿಗೆ ಪಾಚಿ ಹಿಡಿಯಿತು,
ಹೆಸರಿನ ಗ್ಯಾಸು ಮಾತ್ರ ಇನ್ನೂ ಇಳಿದಿಲ್ಲ.

ಒಪ್ಪಲಿಲ್ಲ ನಾನು.
ನಡುವೆ ಉಮರ್ಜಿ ಪಂಡಿತರು
"ನೀಲೋತ್ಪಲ ವಾಪಿಕಾ" ಎಂದು ಕನ್ನಡ ಮಾಡಿಕೊಟ್ಟರು.
ಇಲಾಖೆಯ ಪಟ್ಟಿಯಲ್ಲಿ ಅದು ಬರೀ ನಲವತ್ತೆರಡು-ಬ.
ಸರ್ ಎಲ್ಲ ಕೇಳಿ, ಚಹಾದ ಬಶಿ ಕೆಳಗಿಟ್ಟು ಅಂದರು:
"ಹೆಸರು ಬಾವಿಗಲ್ಲವಾ, ಹುಡುಕ್ಕೊಂಡು ಬರೋರಿಗೆ.
ಹಗ್ಗ ಅದು.
ಜರತಾರಿದಿದ್ರೂ ನೀರು ಮುಟ್ಟಲಿಲ್ಲಂದ್ರ
ಕೊಡಕ್ಕೇನು ಬಂತು?"

ಉತ್ತರ ಕೊಡದೆ ಡಬ್ಬಿ ಜೋಡಿಸುತ್ತ ಕೂತೆ.
ಈ ಊರಿನ ಚೀಟಿಯನ್ನೇ ಒಮ್ಮೆ
'ಬ'ದಿಂದ ಎತ್ತಿ 'ವ'ಕ್ಕೆ ಇಟ್ಟ ಕೈ ಇದು.
ಬಸ್ಸಿನ ಬೋರ್ಡು ವಿಜಯಪುರ ಅನ್ನುತ್ತದೆ,
ಬಾಗಿಲಿಗೆ ಜೋತ ಕಂಡಕ್ಟರು ಬಿಜಾಪುರ, ಬಿಜಾಪುರ.
ಖಾಲಿಯಾದ ಜಾಗದಲ್ಲಿ ಒಂದು ತುಂಡು ಬಿಟ್ಟಿದ್ದೆ:
ಬಿಜಾಪುರ — ನೋಡಿ: ವಿಜಯಪುರ.
'ಇ' ಡಬ್ಬಿಯಲ್ಲೂ ಒಂದಿದೆ, ಯಾರಿಗೂ ಹೇಳಿಲ್ಲ.
ಇಜಾಪುರ — ನೋಡಿ.
ಅಜ್ಜಿಗೆ ಅಂತ.
ಆಕೆಗೆ ಓದಲು ಬರುತ್ತಿರಲಿಲ್ಲ.

ಸಂಜೆ ಹೊಸ ಚೀಟಿ ತೆಗೆದೆ.
ಸೋಡಾ ಬಾವಿ.
ಬರೆದು ಆರಿಸುವಷ್ಟರಲ್ಲಿ ತಾಳಿಕೋಟೆಯ ಕಡತದಿಂದ
ಇನ್ನೊಂದು ಸೋಡಾ ಬಾವಿ ಹೊರಬಿತ್ತು!
ಎರಡು ಬಾವಿ ಒಂದೇ ಹಗ್ಗಕ್ಕೆ ಬಿದ್ದರೆ ಹೇಗೆ?
ಪಕ್ಕದಲ್ಲಿ ಕಂಸ ಹಾಕಿದೆ:
ಸೋಡಾ ಬಾವಿ (ಶಹಾಪುರ ಅಗಸಿ).
ಆ ಎರಡು ಬಾಗು ಗೆರೆಗಳು
ನೀರಿಗೆ ಒಡ್ಡಿದ ಬೊಗಸೆಯಂತೆ ಕಂಡವು,
ಮೊದಲ ಸಲ.

ಆಮೇಲೆ 'ಹ' ಡಬ್ಬಿ ಎಳೆದೆ.
ಹೌಜ್-ಎ-ನೀಲೋಫರ್ —
ಬರೀ ಒಂದು ಸಾಲು, ತೋರುಬೆರಳಿನಷ್ಟು,
ಆದರೆ ದಪ್ಪ ನಿಬ್ಬಿನಲ್ಲಿ, ಕೆಳಗೆ ಗೆರೆ ಎಳೆದು.
ನಿಯಮಕ್ಕೆ ವಿರುದ್ಧ ಅದು.
ಹಂಚಿನಾಳ ಸರ್ ನೋಡಿಯೂ ನೋಡದವರ ಹಾಗೆ
ಮೇಜಿನ ಕೆಳಗೆ
ಚಪ್ಪಲಿ ಹುಡುಕುತ್ತಿದ್ದರು.